ಸರ್ವರ್ ರೀಬೂಟ್: ಆಜ್ಞೆ ಕೊಡುವ ಮುಂಚಿನ ಕೆಲಸ

ಸ್ವಂತ ಲ್ಯಾಪ್‌ಟಾಪ್ ಆಫ್ ಮಾಡುವಾಗ ಏನಾದರೂ ಕಳೆದುಹೋದರೆ ಅದು ನಮ್ಮದೇ. ಹತ್ತಾರು ಜನ ಒಟ್ಟಿಗೆ ಲಾಗಿನ್ ಆಗಿರುವ ಯುನಿಕ್ಸ್ ಸರ್ವರ್‌ನಲ್ಲಿ ಹಾಗಲ್ಲ. ರೂಟ್ (ಎಲ್ಲ ಅಧಿಕಾರವೂ ಇರುವ ಖಾತೆ) ಆಗಿ ಕೂತವರು ಒಂದು ಸಲ ಎಂಟರ್ ಒತ್ತಿದರೆ ಬೇರೆ ಯಾರದೋ ಅರ್ಧ ದಿನದ ಕೆಲಸ ಹೋಗಬಹುದು. ಸಿಸ್ಟಂ ಅಡ್ಮಿನ್ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಡಿಸ್ಕ್ ಬಗ್ಗೆ ಇರುವ ಕಾಳಜಿಯಲ್ಲಿ ಅರ್ಧದಷ್ಟನ್ನಾದರೂ ಬಳಕೆದಾರರ ಮೇಲೆ ಇಡಿ.

ಡಿಸ್ಕ್ ಬಗ್ಗೆ ಭಯಪಡಲು ಕಾರಣವಿದೆ, ಇಲ್ಲವೆನ್ನುವುದಿಲ್ಲ. ಪ್ರೋಗ್ರಾಂ ಬರೆದ ಡೇಟಾ ಆ ಕ್ಷಣವೇ ಡಿಸ್ಕ್ ಸೇರುವುದಿಲ್ಲ. ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಬರೆಯುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡ್‌ನಷ್ಟು ಹೊತ್ತು ಅದು ಅಲ್ಲೇ ಕಾದಿರಬಹುದು. ಅಷ್ಟರೊಳಗೆ ಪವರ್ ಕಿತ್ತರೆ ಡೇಟಾ ಹೋಯಿತು. ಹಿಂದಿನವರು, ಮೆಮೊರಿಯಲ್ಲಿ ಕಾದಿರುವುದನ್ನು ಡಿಸ್ಕ್‌ಗೆ ಬರೆಸುವ ‘ಸಿಂಕ್’ (sync) ಆಜ್ಞೆಯನ್ನು ಮೂರು ಸಲ, ಬೇರೆ ಬೇರೆ ಸಾಲಿನಲ್ಲಿ ಟೈಪ್ ಮಾಡುತ್ತಿದ್ದರು. ಉಳಿದೆರಡನ್ನು ಟೈಪ್ ಮಾಡುವ ಹೊತ್ತಿಗೆ ಮೊದಲನೆಯದರ ಕೆಲಸ ಮುಗಿದಿರಲಿ ಎಂಬ ಲೆಕ್ಕ ಅದು. ಈಗಿನ ಫೈಲ್ ಸಿಸ್ಟಂಗಳು ಜರ್ನಲ್ (ಮಾಡಲಿರುವ ಬದಲಾವಣೆಗಳ ದಾಖಲೆ) ಇಟ್ಟುಕೊಳ್ಳುವುದರಿಂದ ಆ ಆತಂಕ ಬಹಳ ಕಡಿಮೆಯಾಗಿದೆ. ಆದರೆ ಜರ್ನಲ್ ಮುಖ್ಯವಾಗಿ ಕಾಪಾಡುವುದು ಫೈಲ್ ಸಿಸ್ಟಂನ ಚೌಕಟ್ಟನ್ನು. ಯಾರೋ ಅರ್ಧ ಬರೆದ ಫೈಲು, ಮುಕ್ಕಾಲು ಮುಗಿದ ಲೆಕ್ಕಾಚಾರ ಅದರ ಹೊಣೆಯಲ್ಲ.

ಆದ್ದರಿಂದ ಮೊದಲು ಯಾರಿದ್ದಾರೆ ನೋಡಿ. ‘ಡಬ್ಲ್ಯು’ (w) ಎಂದು ಕೊಟ್ಟರೆ ಲಾಗಿನ್ ಆದವರ ಪಟ್ಟಿ ಬರುತ್ತದೆ, ಜೊತೆಗೆ ಪ್ರತಿಯೊಬ್ಬರೂ ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ ಎಂಬ ಐಡಲ್ ಕಾಲಂ. ಈ ಕಾಲಂ ನಂಬಿ ಮೋಸಹೋಗುವವರೇ ಹೆಚ್ಚು. ಐದು ಗಂಟೆ ಐಡಲ್ ಎಂದರೆ ಐದು ಗಂಟೆಯಿಂದ ಕೀಬೋರ್ಡ್ ಮುಟ್ಟಿಲ್ಲ ಎಂದಷ್ಟೇ ಅರ್ಥ. ಅದೇ ಸಾಲಿನ ಕೊನೆಗೆ ಕಣ್ಣು ಹಾಯಿಸಿದರೆ ‘ವಿಐ’ (vi) ಎಡಿಟರ್ ತೆರೆದೇ ಇರಬಹುದು, ಒಳಗೆ ಸೇವ್ ಮಾಡದ ಸಾಲುಗಳಿರಬಹುದು. ಇನ್ನು, ಲಾಗ್‌ಔಟ್ ಆದರೂ ಕೆಲಸ ನಡೆಯುತ್ತಲೇ ಇರುವಂತೆ ಮಾಡುವ ಸ್ಕ್ರೀನ್ (screen) ಅಥವಾ ಟಿಮಕ್ಸ್‌ನಲ್ಲಿ (tmux) ಕೆಲಸ ಹಚ್ಚಿ ಮನೆಗೆ ಹೋದವರು, ಅದಕ್ಕಾಗಿಯೇ ಇರುವ ‘ನೋಹಪ್’ (nohup) ಕೊಟ್ಟು ಬಿಟ್ಟವರು ಈ ಪಟ್ಟಿಯಲ್ಲಿ ಕಾಣದೇ ಇರಬಹುದು. ಅವರಿಗಾಗಿ, ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ‘ಪಿಎಸ್’ (ps) ನೋಡಲೇಬೇಕು. ಬಹಳ ಹೊತ್ತಿನಿಂದ ಸಿಪಿಯು ತಿನ್ನುತ್ತಿರುವ ಪ್ರೋಸೆಸ್ ಕಂಡರೆ ಅದರ ಒಡೆಯರಿಗೆ ಫೋನ್ ಮಾಡಿ ಕೇಳಿ. ಬ್ಯಾಕಪ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ.

ಆಮೇಲೆ ಎಚ್ಚರಿಕೆ. ‘ಶಟ್‌ಡೌನ್’ ಆಜ್ಞೆಗೆ ‘ನೌ’ ಎನ್ನುವ ಬದಲು ‘ಪ್ಲಸ್ 15’ (+15, ಅಂದರೆ 15 ನಿಮಿಷ ಬಿಟ್ಟು) ಕೊಟ್ಟು ಜೊತೆಗೆ ಸಂದೇಶ ಬರೆದರೆ ಎಲ್ಲರ ಟರ್ಮಿನಲ್‌ನಲ್ಲೂ ಅದು ಮೂಡುತ್ತದೆ. ‘ಮೇಂಟೆನೆನ್ಸ್ ಇದೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ಯಾಕೆ, ಎಷ್ಟು ಗಂಟೆಗೆ ಮತ್ತೆ ಸಿಗುತ್ತದೆ, ತೊಂದರೆಯಿದ್ದರೆ ಯಾರನ್ನು ಕೇಳಬೇಕು, ಈ ಮೂರೂ ಇರಲಿ. ಕೊನೆಯ 5 ನಿಮಿಷದಲ್ಲಿ ‘ನೋಲಾಗಿನ್’ ಫೈಲ್ ಹುಟ್ಟಿಕೊಂಡು ಹೊಸ ಲಾಗಿನ್‌ಗಳನ್ನು ತಡೆಯುತ್ತದೆ. ಯಾರಾದರೂ ‘ಸ್ವಲ್ಪ ತಾಳಿ’ ಎಂದು ಕೂಗಿಕೊಂಡರೆ ಲಿನಕ್ಸ್‌ನಲ್ಲಿ ಅದೇ ‘ಶಟ್‌ಡೌನ್’ ಆಜ್ಞೆಗೆ ‘ಮೈನಸ್ ಸಿ’ (-c) ಕೊಟ್ಟು ರದ್ದು ಮಾಡಬಹುದು. ವೆಬ್ ಆ್ಯಪ್ ಮೂಲಕ ಬಳಸುವವರಿಗೆ ಈ ಸಂದೇಶ ಮುಟ್ಟುವುದಿಲ್ಲ. ಅವರಿಗೆ ಮುಂಚೆಯೇ ಮೇಲ್ ಹೋಗಿರಬೇಕು.

ಸಮಯ ಬಂದಾಗ ಸಿಸ್ಟಂ ಪ್ರತಿ ಪ್ರೋಸೆಸ್‌ಗೆ ಮೊದಲು ‘ಟರ್ಮ್’ ಸಿಗ್ನಲ್ ಕಳಿಸುತ್ತದೆ, ಅಂದರೆ ಎತ್ತಿಟ್ಟು ಹೊರಡು ಎಂಬ ಸೂಚನೆ. ಆಮೇಲೂ ಹೊರಡದಿದ್ದವನ್ನು ‘ಕಿಲ್’ ಸಿಗ್ನಲ್ ಕೊಂದು ಹಾಕುತ್ತದೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡುವ, ನಿಲ್ಲಿಸುವ ಸಿಸ್ಟಂಡಿಯಲ್ಲಿ (systemd) ಸೇವೆಗಳಿಗೆ ಸಿಗುವ ಗಡುವು ಸಾಮಾನ್ಯವಾಗಿ 90 ಸೆಕೆಂಡ್. ದೊಡ್ಡ ಡೇಟಾಬೇಸ್‌ಗೆ ಅಷ್ಟು ಸಾಲದೇ ಹೋಗಬಹುದು. ಅದಕ್ಕೇ ನಾನು ಮೊದಲು ಅಪ್ಲಿಕೇಶನ್, ನಂತರ ಡೇಟಾಬೇಸ್ ಎಂದು ಕೈಯಾರೆ ನಿಲ್ಲಿಸಿ, ನಿಂತದ್ದನ್ನು ಲಾಗ್‌ನಲ್ಲಿ ನೋಡಿಯೇ ಮುಂದೆ ಹೋಗುವುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಾದರೆ ‘ಫಾಸ್ಟ್’ ವಿಧಾನ ಸರಿ: ನಡೆಯುತ್ತಿರುವ ವ್ಯವಹಾರಗಳನ್ನು (ಟ್ರಾನ್ಸಾಕ್ಷನ್) ಹಿಂದಕ್ಕೆ ತಿರುಗಿಸಿ ಅಚ್ಚುಕಟ್ಟಾಗಿ ಮುಚ್ಚಿಕೊಳ್ಳುತ್ತದೆ. ‘ಇಮ್ಮಿಡಿಯೆಟ್’ ಕೊಟ್ಟರೆ ಮುಂದಿನ ಸಲ ಏಳುವಾಗ ರಿಕವರಿ ಮಾಡಿಕೊಂಡು ಏಳಬೇಕಾಗುತ್ತದೆ.

ಒಂದೇ ಆಜ್ಞೆ ಎಲ್ಲ ಯುನಿಕ್ಸ್‌ಗಳಲ್ಲೂ ಒಂದೇ ರೀತಿ ನಡೆಯುತ್ತದೆ ಎಂದುಕೊಳ್ಳಬೇಡಿ. ಈಗಿನ ಲಿನಕ್ಸ್‌ನಲ್ಲಿ ‘ರೀಬೂಟ್’ ಎಂದರೂ ಸೇವೆಗಳು ಕ್ರಮವಾಗಿಯೇ ನಿಲ್ಲುತ್ತವೆ. ಇನ್ನೊಂದು ಯುನಿಕ್ಸ್ ಆದ ಸೋಲಾರಿಸ್‌ನಲ್ಲಿ ಅದೇ ಆಜ್ಞೆ ಸೇವೆಗಳ ಸ್ಕ್ರಿಪ್ಟ್‌ಗಳನ್ನು ನಡೆಸದೆಯೇ ಯಂತ್ರವನ್ನು ಇಳಿಸಿಬಿಡುತ್ತದೆ. ‘ಕಿಲ್‌ಆಲ್’ ಲಿನಕ್ಸ್‌ನಲ್ಲಿ ನೀವು ಹೆಸರಿಸಿದ ಪ್ರೋಸೆಸ್ ಅನ್ನು ಮಾತ್ರ ಕೊಲ್ಲುತ್ತದೆ, ಸೋಲಾರಿಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ. ನಾಲ್ಕು ಟರ್ಮಿನಲ್ ತೆರೆದಿದ್ದರೆ ಯಾವ ಯಂತ್ರದಲ್ಲಿದ್ದೀರಿ ಎಂದು ‘ಹೋಸ್ಟ್‌ನೇಮ್’ ಕೊಟ್ಟು ಖಚಿತ ಮಾಡಿಕೊಳ್ಳಿ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ‘ಮಾಲಿ ಗಾರ್ಡ್’ (molly-guard) ಎಂಬ ಪ್ಯಾಕೇಜ್ ಹಾಕಿಕೊಂಡರೆ, ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಆದವರು ರೀಬೂಟ್ ಆಜ್ಞೆ ಕೊಟ್ಟಾಗ ಅವರಿಂದ ಯಂತ್ರದ ಹೆಸರು ಟೈಪ್ ಮಾಡಿಸಿಕೊಂಡೇ ಅದು ಮುಂದುವರಿಯುತ್ತದೆ.

ಇಳಿಸಿದ ಯಂತ್ರ ಮತ್ತೆ ಏಳಬೇಕಲ್ಲ? ವರ್ಷಗಟ್ಟಲೆ ಓಡಿದ ಸರ್ವರ್ ಅಂದರೆ ನನಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚು. ನಡುವೆ ಯಾರೋ ಕೈಯಾರೆ ಮೌಂಟ್ ಮಾಡಿದ (ಸಿಸ್ಟಂಗೆ ಜೋಡಿಸಿದ) ಡಿಸ್ಕ್, ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಾದ ‘ಎಫ್‌ಎಸ್‌ಟ್ಯಾಬ್’ (fstab) ಫೈಲ್‌ನಲ್ಲಿ ಇರುವುದಿಲ್ಲ, ಕೈಯಾರೆ ಶುರು ಮಾಡಿದ ಸೇವೆ ಬೂಟ್ ಆದಾಗ ತಾನಾಗಿ ಏಳುವುದಿಲ್ಲ. ಈಗಿರುವ ಮೌಂಟ್‌ಗಳನ್ನು ಆ ಫೈಲ್‌ನೊಂದಿಗೆ ತಾಳೆ ನೋಡಿ, ಓಡುತ್ತಿರುವ ಸೇವೆಗಳ ಪಟ್ಟಿ ಬರೆದಿಟ್ಟುಕೊಳ್ಳಿ. ದೂರದ ಯಂತ್ರವಾದರೆ ಅದರ ರಿಮೋಟ್ ಕನ್ಸೋಲ್‌ಗೆ ಮೊದಲೇ ಲಾಗಿನ್ ಆಗಿ, ಪಾಸ್‌ವರ್ಡ್ ಕೆಲಸ ಮಾಡುತ್ತದೆಯೇ ನೋಡಿ. ಪ್ಯಾಚ್ ಹಾಕುವುದಿದ್ದರೆ, ಹಾಕುವ ಮುಂಚೆಯೇ ಒಮ್ಮೆ ರೀಬೂಟ್ ಮಾಡಿ. ಆಗಲೇ ಏಳದಿದ್ದರೆ ತಪ್ಪು ಪ್ಯಾಚಿನದ್ದಲ್ಲ ಎಂದು ಗೊತ್ತಾಗುತ್ತದೆ, ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಯಂತ್ರ ಎದ್ದ ಮೇಲೆ ರೂಟ್ ಆಗಿ ಒಳಗೆ ಹೋಗಿ ನೋಡಿದರೆ ಸಾಲದು. ಬಳಕೆದಾರರ ಸ್ವಂತ ಫೈಲ್‌ಗಳಿರುವ ಹೋಮ್ ಡೈರೆಕ್ಟರಿ ನೆಟ್‌ವರ್ಕ್‌ನಿಂದ ಬರುವ ಕಡೆ ರೂಟ್‌ಗೆ ಎಲ್ಲ ಸರಿಯಾಗಿ ಕಂಡರೂ ಉಳಿದವರಿಗೆ ತಮ್ಮ ಫೈಲ್ ಸಿಗದಿರಬಹುದು. ಸಾಮಾನ್ಯ ಬಳಕೆದಾರರ ಖಾತೆಯಿಂದ ಒಮ್ಮೆ ಲಾಗಿನ್ ಆಗಿ, ಒಂದು ಫೈಲ್ ತೆರೆದು, ಬರೆದು ನೋಡಿ. ಅದಾದ ಮೇಲೆ ‘ಸಿಸ್ಟಂ ಬಂದಿದೆ’ ಎಂಬ ಮೇಲ್ ಕಳಿಸಿ.