ರ‍್ಯಾಮನ್ನೇ ಡ್ರೈವ್ ಮಾಡಿಕೊಂಡರೆ ಏನಾಗುತ್ತದೆ?

ರ‍್ಯಾಮಿನಲ್ಲಿ (ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿಯಲ್ಲಿ) ಒಂದಷ್ಟು ಜಾಗ ಎತ್ತಿಟ್ಟು, ಇದೂ ಒಂದು ಡ್ರೈವ್ ಅಂತ ಕಂಪ್ಯೂಟರನ್ನು ನಂಬಿಸಬಹುದು. ಅದೇ ರ‍್ಯಾಮ್ ಡಿಸ್ಕ್. ಉಪಾಯ ಹೊಸದಲ್ಲ. 1984ರಲ್ಲಿ ಬಂದ ಐಬಿಎಂನ ಆಪರೇಟಿಂಗ್ ಸಿಸ್ಟಂ ಪಿಸಿ ಡಾಸ್ 3.0ರ ಜೊತೆಗೇ ಇದನ್ನು ಮಾಡಿಕೊಡುವ ವಿಡಿಸ್ಕ್ ಎಂಬ ಡ್ರೈವರ್ (ಪುಟ್ಟ ತಂತ್ರಾಂಶ) ಬಂದಿತ್ತು. ಫ್ಲಾಪಿ ಕರಕರ ಅನ್ನುತ್ತಾ ಓದುತ್ತಿದ್ದ ಕಾಲದಲ್ಲಿ ಇದು ಜಾದೂವೇ ಸರಿ.

ವೇಗದಲ್ಲಿ ಮೋಸವಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಜಾಗ ಡೇಟಾ ಓದುವ ಹೆಡ್ಡಿನ ಕೆಳಗೆ ಬರುವುದಕ್ಕೇ ಸರಾಸರಿ 4 ಮಿಲಿಸೆಕೆಂಡ್ ಕಾಯಬೇಕು. ಚಿಪ್ಪುಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಆದರೂ ಹತ್ತಾರು ಮೈಕ್ರೊಸೆಕೆಂಡ್ ಹಿಡಿಯುತ್ತದೆ. ರ‍್ಯಾಮಿಗೆ ಸುಮಾರು 100 ನ್ಯಾನೊಸೆಕೆಂಡ್ ಸಾಕು.

ಆದರೆ ಈ ರ‍್ಯಾಮ್ ಇದೆಯಲ್ಲ, ಅದು ತೂತು ಕೊಡ. ಒಂದೊಂದು ಬಿಟ್‌ಗೂ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್, ಅಷ್ಟೇ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರಿಗೆ ಹೊಳೆದ ವಿನ್ಯಾಸ ಇದು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಕೆಪಾಸಿಟರಿನಲ್ಲಿ ಚಾರ್ಜ್ ಇದೆಯೋ ಇಲ್ಲವೋ ಎನ್ನುವುದೇ 1 ಅಥವಾ 0. ಆ ಚಾರ್ಜ್ ಸುಮ್ನೆ ಇದ್ದರೂ ಸೋರುತ್ತದೆ. ಓದಿದರೆ ಪೂರ್ತಿ ಬರಿದಾಗುತ್ತದೆ, ತಕ್ಷಣ ಮತ್ತೆ ತುಂಬಬೇಕು. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನ ಒಳಗೆ ಚಿಪ್ಪಿನ ಎಲ್ಲ ಸಾಲುಗಳಿಗೂ ಒಂದೊಂದು ಸಲ ಮರುಭರ್ತಿ ಆಗಲೇಬೇಕು. ನೀವು ಏನೂ ಮಾಡದೆ ಕೂತಿದ್ದಾಗಲೂ ಸೆಕೆಂಡಿಗೆ ಹದಿನೈದು ಬಾರಿ ಈ ಕೆಲಸ ನಡೆಯುತ್ತಲೇ ಇರುತ್ತದೆ.

ಕರೆಂಟ್ ಹೋದರೆ ಮರುಭರ್ತಿ ನಿಂತಿತು, ಫೈಲುಗಳೂ ಹೋದವು. ಹೋಗುವುದು ಆ ಕ್ಷಣದಲ್ಲೇ ಏನಲ್ಲ! 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು ಧೂಳು ಊದುವ ಸ್ಪ್ರೇ ಡಬ್ಬವನ್ನು ತಲೆಕೆಳಗೆ ಹಿಡಿದು ಚಿಪ್ಪುಗಳನ್ನು ಸುಮಾರು ಮೈನಸ್ 50 ಡಿಗ್ರಿಗೆ ತಣಿಸಿದರು. ಕರೆಂಟ್ ತೆಗೆದು ನಿಮಿಷಗಳಾದರೂ ಡೇಟಾ ಉಳಿದಿತ್ತು. ಡಿಸ್ಕ್ ಎನ್‌ಕ್ರಿಪ್ಷನ್ನಿನ ಕೀಲಿಗಳನ್ನೇ ಹೆಕ್ಕಿ ತೆಗೆದರು.

ನನಗೆ ತಾಳ್ಮೆ ಕೆಡುವುದು ‘ಎಲ್ಲವನ್ನೂ ರ‍್ಯಾಮ್ ಡಿಸ್ಕಿಗೆ ಹಾಕಿ, ಕಂಪ್ಯೂಟರ್ ಹಾರುತ್ತದೆ’ ಎನ್ನುವ ಸಲಹೆ ಕೇಳಿದಾಗ. ದೊಡ್ಡ ಫೈಲೊಂದನ್ನು ಒಮ್ಮೆ ತೆರೆದು ಮುಚ್ಚಿ, ಮತ್ತೆ ತೆರೆದು ನೋಡಿ. ಎರಡನೇ ಸಲ ಡಿಸ್ಕಿನ ದೀಪ ಮಿನುಗುವುದೇ ಅಪರೂಪ. ಏಕೆಂದರೆ ಖಾಲಿ ಬಿದ್ದ ರ‍್ಯಾಮಿನಲ್ಲಿ ಆಪರೇಟಿಂಗ್ ಸಿಸ್ಟಂ ಆಗಲೇ ಅದರ ಪ್ರತಿ ಇಟ್ಟುಕೊಂಡಿರುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಅದು ನಮಗಿಂತ ಜಾಸ್ತಿ ಚೆನ್ನಾಗಿ ನಿಭಾಯಿಸುತ್ತದೆ. ರ‍್ಯಾಮಿಗೆ ಬೇಲಿ ಹಾಕಿದರೆ ಅದಕ್ಕೆ ಸಿಗುವ ಜಾಗ ಕಡಿಮೆಯಾಯಿತು, ಅಲ್ವಾ? ಇನ್ನು ಪೇಜ್ ಫೈಲನ್ನೇ (ರ‍್ಯಾಮಿನಲ್ಲಿ ಹಿಡಿಸದ್ದನ್ನು ಇಡುವ ಡಿಸ್ಕಿನ ಫೈಲು) ರ‍್ಯಾಮ್ ಡಿಸ್ಕಿನಲ್ಲಿಡುವವರಿಗೆ ಏನು ಹೇಳೋಣ! ರ‍್ಯಾಮ್ ಸಾಲದಾದಾಗ ಬೇಕಾಗುವ ಫೈಲಿಗೆ ಇದ್ದ ರ‍್ಯಾಮನ್ನೂ ಕಿತ್ತುಕೊಡುತ್ತಾರೆ.

ನಿಜವಾದ ಲಾಭ ಬರೆಯುವುದರಲ್ಲಿದೆ. ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಸೃಷ್ಟಿಸಿ, ಓದಿ, ಅಳಿಸುವ ಕೆಲಸಕ್ಕೆ, ಪ್ರೋಗ್ರಾಂ ಕಂಪೈಲ್ ಮಾಡುವುದಕ್ಕೆ ಅಥವಾ ಡೇಟಾಬೇಸಿನ ಪರೀಕ್ಷೆಗೆ ಇದು ಹೇಳಿ ಮಾಡಿಸಿದ್ದು. ‘ಡಿಸ್ಕಿಗೆ ಇಳಿಯಿತಾ?’ ಅಂತ ಡೇಟಾಬೇಸ್ ಕೇಳಿದಾಗಲೆಲ್ಲ ಕಾಯುವ ಗೋಜು ಇಲ್ಲಿಲ್ಲ. ಲಿನಕ್ಸ್‌ನಲ್ಲಿ ಇದಕ್ಕೆ ಟಿಎಂಪಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇದೆ. ಮಿತಿ ಹೇಳದಿದ್ದರೆ ಇರುವ ರ‍್ಯಾಮಿನ ಅರ್ಧದವರೆಗೂ ಬೆಳೆಯುತ್ತದೆ. ಫೈಲ್ ಹಾಕಿದಷ್ಟೇ ಜಾಗ ತಿನ್ನುತ್ತದೆ, ಮೊದಲೇ ಕಾದಿರಿಸುವುದಿಲ್ಲ. ರ‍್ಯಾಮ್ ತೀರಾ ಬಿಗಿಯಾದರೆ, ಸ್ವಾಪ್ (ರ‍್ಯಾಮಿನಿಂದ ಹೊರಹಾಕಿದ್ದಕ್ಕೆ ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ) ಇದ್ದಲ್ಲಿ, ಅದರ ಫೈಲುಗಳು ಸದ್ದಿಲ್ಲದೆ ಡಿಸ್ಕಿಗೇ ಹೋಗಿ ಕೂರುತ್ತವೆ.