ಪೂರ್ವಕಥೆ: ಎಷ್ಟು ಹೇಳಬೇಕು, ಯಾವಾಗ ಹೇಳಬೇಕು

ಪಾತ್ರದ ಹಿಂದಿನ ಬದುಕು ಓದುಗರಿಗೆ ಬೇಕೆನಿಸುವುದು ಮನಸ್ಸಿನಲ್ಲೊಂದು ಪ್ರಶ್ನೆ ಎದ್ದ ಮೇಲೆ. ಅದಕ್ಕೂ ಮೊದಲೇ ಸುರಿದದ್ದು ನೆನಪಿನಲ್ಲಿ ನಿಲ್ಲುವುದಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು (1965) ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಅಗ್ರಹಾರದ ಕಟ್ಟಳೆ ಮುರಿದು ಬದುಕಿದ ಬ್ರಾಹ್ಮಣ ನಾರಣಪ್ಪ ಸತ್ತ ಸುದ್ದಿಯನ್ನು ಅವನೊಂದಿಗೆ ಬಾಳುತ್ತಿದ್ದ ಚಂದ್ರಿ ತರುತ್ತಾಳೆ. ಹೆಣ ಎತ್ತುವವರೆಗೆ ಅಗ್ರಹಾರದವರು ಊಟ ಮಾಡುವಂತಿಲ್ಲ. ಸಂಸ್ಕಾರ ಮಾಡುವವರು ಯಾರು? ಈ ಇಕ್ಕಟ್ಟಿನಲ್ಲೇ ಅವನ ಹಳೆಯದೆಲ್ಲ ಹೊರಬೀಳುತ್ತದೆ: ಸಾಲಿಗ್ರಾಮವನ್ನು ಹೊಳೆಗೆ ಎಸೆದದ್ದು, ದೇವಸ್ಥಾನದ ಕೊಳದ ಮೀನು ಹಿಡಿದದ್ದು. ಹಿನ್ನೆಲೆ ಜಗಳದ ವಾದವಾಗಿ ಬರುವುದರಿಂದ ಕಥೆ ಎಲ್ಲೂ ನಿಲ್ಲುವುದಿಲ್ಲ. ಕೆದಕುವವರ ಸ್ವಭಾವವೂ ಬಯಲಾಗುತ್ತದೆ.

ನಿಮ್ಮ ಕಥೆಗೆ ಹೀಗೆ ಮಾಡಿ. ಚೀಟಿಗೊಂದರಂತೆ ಪೂರ್ವಕಥೆಯ ಸಂಗತಿಗಳನ್ನು ಬರೆದುಕೊಳ್ಳಿ. ಇದು ತಿಳಿಯದಿದ್ದರೆ ಯಾವ ದೃಶ್ಯ ಅರ್ಥವಾಗದು ಎಂದು ಕೇಳಿಕೊಂಡು, ಆ ದೃಶ್ಯದ ಸಂಖ್ಯೆಯನ್ನು ಚೀಟಿಯ ಹಿಂದೆ ಹಾಕಿ. ಸಂಖ್ಯೆ ಸಿಗದ ಚೀಟಿಗಳು ನಿಮ್ಮ ತಿಳಿವಳಿಕೆಗಷ್ಟೇ ಇರಲಿ. ಉಳಿದವನ್ನು ಆಯಾ ದೃಶ್ಯದಲ್ಲೋ ಅದರ ಹಿಂದಿನದರಲ್ಲೋ ಒಂದೆರಡು ವಾಕ್ಯದಲ್ಲಿ ಕೊಡಿ. 2,000 ಪದಗಳ ಕಥೆಯಾದರೆ ಮೊದಲ 300 ಪದಗಳಲ್ಲಿ ಹಿನ್ನೆಲೆ ಎರಡು ವಾಕ್ಯ ಮೀರದಿರುವುದು ಒಳ್ಳೆಯ ಅಳತೆ. ಯಾರು, ಎಲ್ಲಿದ್ದಾರೆ ಎಂಬುದನ್ನು ಮಾತ್ರ ಕೂಡಲೇ ಹೇಳಿಬಿಡಿ.

ಕನ್ನಡದಲ್ಲಿ ನಮಗೊಂದು ದೊಡ್ಡ ಅನುಕೂಲವಿದೆ: ಏಕವಚನ, ಬಹುವಚನ, ನೆಂಟಸ್ತಿಕೆಯ ಪದಗಳು. ‘ಆಸ್ತಿ ಪಾಲಿಗಾಗಿ ಅಣ್ಣನೊಂದಿಗೆ ಜಗಳವಾಡಿ ಸುಶೀಲಾ ಒಂಬತ್ತು ವರ್ಷದಿಂದ ತವರಿಗೆ ಬಂದಿರಲಿಲ್ಲ’ ಎಂದು ಬರೆದರೆ ಎಲ್ಲವೂ ಒಂದೇ ಸಲಕ್ಕೆ ಖರ್ಚಾಯಿತು. ಬದಲಿಗೆ: ‘ಅತ್ತಿಗೆ ನೆಂಟರಿಗೆಂದು ಇಟ್ಟಿದ್ದ ಪಿಂಗಾಣಿ ಕಪ್ಪಿನಲ್ಲಿ ಕಾಫಿ ತಂದಳು. “ತಗೊಳ್ಳಿ” ಎಂದಳು. ಮೊದಲೆಲ್ಲ “ತಗೋಳೇ” ಅನ್ನುತ್ತಿದ್ದವಳು.’ ಏನೋ ಮುರಿದಿದೆ ಎಂದು ಓದುಗರಿಗೆ ಗೊತ್ತಾಯಿತು, ಏನೆಂಬುದು ಗೊತ್ತಿಲ್ಲ. ಆಸ್ತಿಯ ಮಾತು ಮೂರನೇ ಪುಟದವರೆಗೆ ಕಾಯಬಹುದು, ಅವಳು ಹಿತ್ತಲ ನಡುವೆ ಎದ್ದಿರುವ ಗೋಡೆ ನೋಡುವವರೆಗೆ.

ಹೆಚ್ಚಾಗಿ ಎಡವುವುದು ಸಂಭಾಷಣೆಯಲ್ಲಿ. ‘ನಿನಗೇ ಗೊತ್ತಲ್ಲ, ನಮ್ಮಪ್ಪ ತೀರಿಕೊಂಡು ಐದು ವರ್ಷವಾಯಿತು’ ಎಂದು ತಮ್ಮನಿಗೆ ಯಾವ ಅಕ್ಕನೂ ಹೇಳುವುದಿಲ್ಲ. ಇಬ್ಬರಿಗೂ ಗೊತ್ತಿರುವುದು ಬಾಯಿಗೆ ಬರಬೇಕಾದರೆ ಜಗಳವೋ ಆಕ್ಷೇಪಣೆಯೋ ಬೇಕು: ‘ಅಪ್ಪನ ಐದನೇ ವರ್ಷದ ತಿಥಿಗೂ ಬರಲಿಲ್ಲ ನೀನು.’

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಯಾರ ಕಣ್ಣಿನಿಂದ ಕಥೆ ಸಾಗುತ್ತಿದೆಯೋ ಆ ಪಾತ್ರ ಕ್ಷಣಕ್ಷಣಕ್ಕೂ ನೆನೆಯಬೇಕಾದದ್ದನ್ನೇ ಕೊನೆಯವರೆಗೆ ಮುಚ್ಚಿಟ್ಟರೆ ಓದುಗರಿಗೆ ಮೋಸಹೋದಂತೆನಿಸುತ್ತದೆ.

ಹಿಂದಿನದನ್ನು ದೃಶ್ಯವಾಗಿಯೇ ಬರೆಯುವಾಗ ‘ಹೋಗಿದ್ದಳು’, ‘ಹೇಳಿದ್ದಳು’ ಎಂಬ ರೂಪವನ್ನು ಮೊದಲ ಎರಡು ಮೂರು ವಾಕ್ಯಗಳಿಗೆ ಬಳಸಿ, ಆಮೇಲೆ ‘ಹೋದಳು’, ‘ಹೇಳಿದಳು’ ಎಂದು ಮುಂದುವರಿಸಿ. ವರ್ತಮಾನಕ್ಕೆ ಮರಳುವಾಗ ಆರಿದ ಕಾಫಿಯಂಥ ಒಂದು ವಸ್ತುವನ್ನು ಹಿಡಿದು ಬಂದರೆ ಸಾಕು.