ಬೆಟ್ಟದ ಹಿಂದಿನ ಗಾಳಿ ಅಲೆ: ಉಪಗ್ರಹ ಚಿತ್ರ ಓದುವ ಬಗೆ

ಬೆಟ್ಟ ಹತ್ತಿಳಿದ ಗಾಳಿ ಸುಮ್ನೆ ನೇರ ಹೋಗುವುದಿಲ್ಲ. ವಾಯುಪದರ ಸ್ಥಿರವಾಗಿದ್ದು (ಅಂದರೆ ಮೇಲಕ್ಕೆ ತಳ್ಳಿದ ಗಾಳಿ ಮತ್ತೆ ತನ್ನ ಮಟ್ಟಕ್ಕೇ ಮರಳುವಂತಿದ್ದು), ಗಾಳಿ ಬೆಟ್ಟಸಾಲಿಗೆ ಅಡ್ಡವಾಗಿ ಬೀಸಿದರೆ ಅದು ಅಲೆಯಾಗುತ್ತದೆ. ಮೇಲೇರಿದ ಗಾಳಿ ತಣ್ಣಗಾಗಿ, ಭಾರವಾಗಿ ಇಳಿಯುತ್ತದೆ. ಆ ರಭಸಕ್ಕೆ ತನ್ನ ಮಟ್ಟವನ್ನೂ ದಾಟಿ ಕೆಳಗೆ ಹೋಗುತ್ತದೆ, ಅಲ್ಲಿ ಬಿಸಿಯಾಗಿ ಮತ್ತೆ ಏಳುತ್ತದೆ. ತೇವ ಸಾಕಷ್ಟಿದ್ದರೆ ಅಲೆಯ ನೆತ್ತಿಯಲ್ಲಿ ಮೋಡ ಕಟ್ಟುತ್ತದೆ, ತಗ್ಗಿನಲ್ಲಿ ಕರಗುತ್ತದೆ. ಚಿತ್ರದಲ್ಲಿ ಕಾಣುವುದು ಸಾಲು ಸಾಲು ಬಿಳಿ ಪಟ್ಟೆ.

ಪಟ್ಟೆ ಕಂಡ ಮಾತ್ರಕ್ಕೆ ಬೆಟ್ಟದ ಅಲೆ ಅನ್ನಬೇಡಿ. ಮುಂದಿನ ಚಿತ್ರಗಳನ್ನೂ ನೋಡಿ. ಬೇರೆ ಮೋಡಗಳು ಗಾಳಿಯ ಜೊತೆ ಸಾಗುತ್ತವೆ, ಇವು ನಿಂತಲ್ಲೇ ನಿಂತಿರುತ್ತವೆ. ಗಾಳಿ ಮಾತ್ರ ಮೋಡದೊಳಗಿಂದ ಹಾದು ಹೋಗುತ್ತಲೇ ಇರುತ್ತದೆ. ಒಂದು ಅಂಚಿನಲ್ಲಿ ಹನಿ ಹುಟ್ಟುತ್ತದೆ, ಇನ್ನೊಂದರಲ್ಲಿ ಆವಿಯಾಗುತ್ತದೆ.

ಈಗ ಲೆಕ್ಕ. ನನಗೆ ಇಷ್ಟವಾದ ಭಾಗ ಇದೇ. ಸ್ಥಿರ ಗಾಳಿ ಒಮ್ಮೆ ಏರಿಳಿಯಲು ಸಾಮಾನ್ಯವಾಗಿ 10 ನಿಮಿಷದಷ್ಟು ಬೇಕು, ಅಂದರೆ 600 ಸೆಕೆಂಡ್. ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಇದ್ದರೆ ಪಟ್ಟೆಯಿಂದ ಪಟ್ಟೆಗೆ ಸುಮಾರು 6 ಕಿ.ಮೀ. 15 ಮೀಟರ್ ಆದರೆ 9 ಕಿ.ಮೀ. ಇದನ್ನೇ ತಿರುಗಿಸಿದರೆ, ಚಿತ್ರದ ಮೇಲೆ ಅಂತರ ಅಳೆದು ಗಾಳಿಯ ವೇಗ ಅಂದಾಜು ಮಾಡಬಹುದು.

ಯಾವ ಚಿತ್ರ? 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್ ನಮ್ಮ ಹಾಸನದ ಇಸ್ರೋ ಕೇಂದ್ರದ ಹಿಡಿತದಲ್ಲೇ ಇರುವ ಉಪಗ್ರಹ. ಅದರ ಬೆಳಕಿನ ಚಿತ್ರದಲ್ಲಿ ಒಂದು ಚುಕ್ಕೆ (ಪಿಕ್ಸೆಲ್) 1 ಕಿ.ಮೀ., ಶಾಖ ತೋರಿಸುವ ಅವಕೆಂಪು (ಇನ್‌ಫ್ರಾರೆಡ್) ಚಿತ್ರದಲ್ಲಿ 4, ನೀರಾವಿ ಚಿತ್ರದಲ್ಲಿ 8. ಆರು ಕಿ.ಮೀ. ಅಲೆಯನ್ನು 8 ಕಿ.ಮೀ. ಚುಕ್ಕೆಯಲ್ಲಿ ಹುಡುಕಿ ಏನು ಪ್ರಯೋಜನ ಅಲ್ವಾ? ಬೆಳಕಿನ ಚಿತ್ರವೇ ಗತಿ, ಅದೂ ಹಗಲಲ್ಲಿ ಮಾತ್ರ.

ಇನ್ನು ಗಾಳಿಯ ಕುಲುಕಾಟ. ಅದು ಉಪಗ್ರಹಕ್ಕೆ ನೇರವಾಗಿ ಕಾಣದು, ಮೋಡದ ವಿನ್ಯಾಸ ನೋಡಿ ಊಹಿಸಬೇಕು. ನೀಟಾದ ಸಮಾನಾಂತರ ಪಟ್ಟೆಗಳಿಗಿಂತ ಒಂದನ್ನೊಂದು ಕತ್ತರಿಸುವ ಅಲೆಗಳಿದ್ದಲ್ಲಿ ಅಪಾಯ ಜಾಸ್ತಿ. ನೆತ್ತಿಯ ಕೆಳಗೆ, ನೆಲದ ಹತ್ತಿರ, ಗಾಳಿ ಮಗುಚಿ ಸುತ್ತುವ ಜಾಗವಂತೂ ಇನ್ನೂ ಕೆಟ್ಟದ್ದು. 1966ರಲ್ಲಿ ಜಪಾನಿನ ಫ್ಯೂಜಿ ಬೆಟ್ಟದ ಬಳಿ ಇಂಥ ಹೊಡೆತಕ್ಕೆ ವಿಮಾನವೊಂದು ಗಾಳಿಯಲ್ಲೇ ಒಡೆದು 124 ಜನ ಸತ್ತರು.

ಅಭ್ಯಾಸಕ್ಕೆ ಮುಳ್ಳಯ್ಯನಗಿರಿ ಸುತ್ತಲಿನ ಸಾಲನ್ನೇ ತೆಗೆದುಕೊಳ್ಳಿ. ಅದು ಲಾಳದ ಹಾಗೆ ಬಾಗಿದೆ, ಅಚ್ಚುಕಟ್ಟಾದ ಪಟ್ಟೆ ನಿರೀಕ್ಷಿಸಬೇಡಿ. ಮಳೆಗಾಲದಲ್ಲಿ ಪಡುವಣ ಗಾಳಿ, ಬೆಟ್ಟದ ಹಿಂದು ಅಂದರೆ ಕಡೂರಿನ ಕಡೆ. ಆದರೆ ಆಗ ಮೇಲಿನ ದಟ್ಟ ಮೋಡ ಎಲ್ಲವನ್ನೂ ಮುಚ್ಚುತ್ತದೆ. ಡಿಸೆಂಬರ್-ಜನವರಿಯಲ್ಲಿ ಗಾಳಿ ಮೂಡಣದಿಂದ, ಹಾಗಾಗಿ ಪಡುವಣ ಬದಿಯಲ್ಲಿ ಹುಡುಕಿ.